ಎಂ. ಎಸ್. ಎಂಬ ಎರಡಕ್ಷರ ಮತ್ತು ಬ್ಯಾಂಕಿನ ಪಟ್ಟಿ

ನೇಪರ್‌ವಿಲ್‌ನಲ್ಲಿರುವ ನಮ್ಮ ಸ್ನೇಹಿತರ ಮಗಳು ಅನಘಾ ಈಚೆಗೆ ವಕೀಲಿ ಪರೀಕ್ಷೆ ಪಾಸು ಮಾಡಿ, ಮನೆ ಕೊಳ್ಳುವವರ ಕಾಗದಪತ್ರ ನೋಡುವ ಒಂದು ಸಣ್ಣ ಆಫೀಸಿಗೆ ಸೇರಿದ್ದಾಳೆ. ನಾನು ಇದೇ ಕೆಲಸವನ್ನು ವೆಸ್ಟ್‌ಮಂಟ್‌ನಲ್ಲಿ ಮಾಡಿ ನಿವೃತ್ತಳಾದವಳು ಎಂದು ಗೊತ್ತಿರುವುದರಿಂದ ಮೊನ್ನೆ ಫೋನು ಮಾಡಿದಳು. "ಆಂಟಿ, ಲೆಂಡರ್ಸ್ ಲಿಸ್ಟ್‌ಗೆ ಅಪ್ಲೈ ಮಾಡ್ಬೇಕಂತೆ. ಇಟ್ಸ್ ಜಸ್ಟ್ ಎ ಫಾರ್ಮ್, ರೈಟ್?" ಎಂದು ಕೇಳಿದಳು. ಬರೀ ಒಂದು ಫಾರ್ಮು. ಆ ಮಾತು ಕೇಳಿ ನನಗೆ ಎರಡು ದಿನ ಊಟ ರುಚಿಸಲಿಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ. ಅವಳಿಗೆ ಕನ್ನಡ ಓದಲು ಬರುವುದಿಲ್ಲ, ಅವಳ ತಾಯಿ ಓದಿ ಹೇಳಲಿ. ಇಂಗ್ಲಿಷಿನಲ್ಲೇ ಬರೆಯಬಹುದಿತ್ತು. ಆದರೆ ಇಷ್ಟು ವರ್ಷ ಇಲ್ಲಿದ್ದರೂ ಇಂಗ್ಲಿಷಿನಲ್ಲಿ ಮನಸಾರೆ ಬೈಯುವುದು ನನಗೆ ಇನ್ನೂ ಒಲಿದಿಲ್ಲ.

ನಮ್ಮ ಕೆಲಸ ಏನೆಂದು ಮೊದಲು ಹೇಳಿಬಿಡುತ್ತೇನೆ. ಇಲ್ಲಿ ಚಿಕಾಗೋ ಸುತ್ತ ಮನೆ ಕೊಳ್ಳುವವರು ವಕೀಲರನ್ನು ಇಟ್ಟುಕೊಳ್ಳುವುದು ರೂಢಿ. ವಕೀಲರು ಕರಾರು ಓದುತ್ತಾರೆ, ಮನೆಯ ಮೇಲೆ ಬೇರೆ ಯಾರದಾದರೂ ಹಕ್ಕಿದೆಯೇ ಎಂದು ನೋಡುತ್ತಾರೆ. ಕೊನೆಗೆ ಎಲ್ಲರನ್ನೂ ಮೇಜಿನ ಸುತ್ತ ಕೂರಿಸಿ ಸಹಿ ಹಾಕಿಸುವ ದಿನವೊಂದಿದೆ, ಅದಕ್ಕೆ ಕ್ಲೋಸಿಂಗ್ ಎನ್ನುತ್ತೇವೆ. ನಮ್ಮಂಥ ಕೆಲವು ಆಫೀಸುಗಳು ಆ ಕ್ಲೋಸಿಂಗನ್ನೂ ತಾವೇ ನಡೆಸುತ್ತಿದ್ದವು. ಅಂದರೆ ಸಾಲ ಕೊಡುವ ಬ್ಯಾಂಕು ತನ್ನ ದುಡ್ಡನ್ನು ನಮ್ಮ ಕೈಗೆ ಕಳಿಸುತ್ತದೆ, ಸಹಿಗಳೆಲ್ಲ ಆದ ಮೇಲೆ ನಾವು ಅದನ್ನು ಮಾರುವವರಿಗೆ ತಲುಪಿಸುತ್ತೇವೆ. ಯಾರ ಕೈಗೆ ಕಳಿಸುತ್ತಿದ್ದೇವೆ ಎಂದು ಬ್ಯಾಂಕಿಗೆ ಗೊತ್ತಿರಬೇಕಲ್ಲ, ಅದಕ್ಕಾಗಿ ಪ್ರತಿ ಬ್ಯಾಂಕೂ ಒಂದು ಪಟ್ಟಿ ಇಟ್ಟಿರುತ್ತದೆ. ಪಟ್ಟಿಯಲ್ಲಿ ಹೆಸರಿದ್ದರೆ ದುಡ್ಡು ಬರುತ್ತದೆ, ಇಲ್ಲದಿದ್ದರೆ ಇಲ್ಲ. ಡೆಟ್ರಾಯಿಟ್ ಕಡೆ ಹೋದರೆ ಬಹುಪಾಲು ಜನ ವಕೀಲರ ತಂಟೆಗೇ ಹೋಗುವುದಿಲ್ಲ, ಮನೆಯ ಹಕ್ಕುಪತ್ರ ಪರಿಶೀಲಿಸುವ ಟೈಟಲ್ ಕಂಪನಿಗಳೇ ಎಲ್ಲ ಮಾಡಿ ಮುಗಿಸುತ್ತವೆ. ಅಲ್ಲೇ ಹತ್ತಿರದ ನೋವೈಯಲ್ಲಿರುವ ನನ್ನ ನಾದಿನಿ, "ಒಂದು ಮನೆ ತೊಗೊಳ್ಳೋಕೆ ನಿಮ್ಮೂರಲ್ಲಿ ವಕೀಲರು ಬೇಕಾ ಅತ್ತಿಗೆ? ನೀವೇನು ಮನೆ ಕದೀತೀರಾ?" ಎಂದು ನಗುತ್ತಿದ್ದಳು. ಆಗ ನನಗೆ ಸಿಟ್ಟು ಬರುತ್ತಿತ್ತು. ಈಗ ಅವಳು ಹೇಳಿದ್ದರಲ್ಲಿ ಅರ್ಥವಿತ್ತು ಅನ್ನಿಸುತ್ತದೆ.

ನಾನು ಸೇರಿದಾಗ ಆಫೀಸಿನ ಯಜಮಾನ ಫ್ರಾಂಕ್. ದೊಡ್ಡ ದನಿಯ, ಸಣ್ಣ ತಾಳ್ಮೆಯ ಮನುಷ್ಯ. ಅವನ ಕಾಲದಲ್ಲಿ ಪಟ್ಟಿಗೆ ಸೇರುವುದೆಂದರೆ ಬ್ಯಾಂಕಿನ ಮ್ಯಾನೇಜರ್ ಜೊತೆ ಒಂದು ಮಧ್ಯಾಹ್ನ ಊಟ. ವರ್ಷಕ್ಕೊಮ್ಮೆ ಬ್ಯಾಂಕಿನವರು ಫೋನು ಮಾಡಿ ಏನಾದರೂ ಬದಲಾಗಿದೆಯೇ ಎಂದು ಕೇಳುತ್ತಿದ್ದರು. "ಏನೂ ಬದಲಾಗಿಲ್ಲ, ನನ್ನ ಹೊಟ್ಟೆಯೊಂದು ಬಿಟ್ಟು" ಎಂದು ಫ್ರಾಂಕ್ ಹೇಳುತ್ತಿದ್ದ. ಅಲ್ಲಿಗೆ ನವೀಕರಣ ಮುಗಿಯಿತು.

ಆ ಕಾಲ ಚೆನ್ನಾಗಿತ್ತು ಎಂದು ಹಾಡಿ ಹೊಗಳುವ ಜಾತಿಯವಳಲ್ಲ ನಾನು. ಒಮ್ಮೆ ಫ್ರಾಂಕ್ ರಜೆಯಲ್ಲಿದ್ದಾಗ ಅಂಚೆಚೀಟಿ ಹುಡುಕಲು ಅವನ ಡ್ರಾಯರ್ ತೆಗೆದೆ. ಅದರೊಳಗೆ, ಯಾರೋ ಹಳೆಯ ಸಾಲ ತೀರಿಸಿದ್ದಕ್ಕೆ ಬ್ಯಾಂಕು ಕೊಟ್ಟಿದ್ದ ಪತ್ರ ಸ್ಯಾಂಡ್‌ವಿಚ್ ಕಾಗದದ ಕೆಳಗೆ ತಿಂಗಳುಗಟ್ಟಲೆ ಮಲಗಿತ್ತು. ಅದನ್ನು ಕೌಂಟಿ ಕಚೇರಿಯಲ್ಲಿ ದಾಖಲು ಮಾಡಿಸಬೇಕಿತ್ತು. ಮಾಡಿಸದ ಕಾರಣ ಆ ಮನೆಯ ಮೇಲೆ ಸಾಲ ಇನ್ನೂ ಇದೆ ಎಂದೇ ಸರ್ಕಾರದ ಲೆಕ್ಕ. ಮನೆಯವರು ಮರುಸಾಲಕ್ಕೆ ಹೋಗಿ ಎಲ್ಲೆಲ್ಲೋ ಅಲೆದು ಸುಸ್ತಾಗಿದ್ದರು. ಆದ್ದರಿಂದ ಬ್ಯಾಂಕುಗಳು ನಮ್ಮ ಮೇಲೆ ಕಣ್ಣಿಟ್ಟದ್ದು ತಪ್ಪೆಂದು ನಾನು ಎಂದೂ ಹೇಳುವುದಿಲ್ಲ. ಇಟ್ಟ ರೀತಿಯ ಬಗ್ಗೆ ಮಾತ್ರ ನನ್ನ ತಕರಾರು.

ಫ್ರಾಂಕ್ ನಿವೃತ್ತನಾದ ಮೇಲೆ ಆಫೀಸಿನಲ್ಲಿ ಉಳಿದದ್ದು ಇಬ್ಬರೇ, ನಾನು ಮತ್ತು ಸೆಕ್ರೆಟರಿ ಡೋರಿಸ್. ಅಷ್ಟರಲ್ಲಿ ಬ್ಯಾಂಕುಗಳು ಪಟ್ಟಿಯ ಕೆಲಸವನ್ನು ತಾವು ಮಾಡುವುದು ಬಿಟ್ಟು, ತಪಾಸಣೆ ಮಾಡುವ ಬೇರೆ ಕಂಪನಿಗಳಿಗೆ ವಹಿಸಿದ್ದವು. ಆ ಕಂಪನಿಗಳು ಆನ್‌ಲೈನಿನಲ್ಲಿ ಒಂದೊಂದು ಪೋರ್ಟಲ್ ತೆರೆದವು. ಪ್ರತಿ ಪೋರ್ಟಲ್‌ಗೂ ಬೇರೆ ಪಾಸ್‌ವರ್ಡ್, ಬೇರೆ ಪ್ರಶ್ನೆ, ಬೇರೆ ಗಡುವು. ಲೈಸೆನ್ಸ್ ಕೊಡಿ, ತಪ್ಪಾದರೆ ನಷ್ಟ ತುಂಬಿಕೊಡುವ ವಿಮೆಯ ಸರ್ಟಿಫಿಕೇಟ್ ಕೊಡಿ, ಪೊಲೀಸ್ ದಾಖಲೆ ಪರಿಶೀಲನೆಗೆ ಒಪ್ಪಿಗೆ ಕೊಡಿ. ಇಷ್ಟು ಸರಿ. ಆಮೇಲೆ ಫೈಲಿನ ಕಪಾಟಿನ ಬೀಗದ ಫೋಟೋ ಕೊಡಿ. ಬೀಗ ಹಾಕಿರುವ ಫೋಟೋ ಒಂದು, ತೆಗೆದಿರುವ ಫೋಟೋ ಒಂದು. ಕಾಗದ ಚೂರು ಮಾಡುವ ಮೆಷಿನ್ ಉದ್ದುದ್ದ ಕತ್ತರಿಸುತ್ತದೋ ಅಡ್ಡಡ್ಡವೂ ಕತ್ತರಿಸುತ್ತದೋ ತಿಳಿಸಿ. ಖಾತೆ ಬರೆಯುವವರು ಒಬ್ಬರು, ಅದನ್ನು ಪರಿಶೀಲಿಸುವವರು ಇನ್ನೊಬ್ಬರು, ಮೇಲ್ವಿಚಾರಣೆಗೆ ಮತ್ತೊಬ್ಬರು ಇದ್ದಾರೆಂದು ಖಚಿತಪಡಿಸಿ.

"ನಾವಿರೋದೇ ಇಬ್ಬರು. ಮೂರನೆಯವರು ಯಾರು?" ಎಂದು ಡೋರಿಸ್‌ಳನ್ನು ಕೇಳಿದೆ.

"ಫ್ರಾಂಕ್‌ನ ಫೋಟೋ ಇದೆಯಲ್ಲ" ಎಂದಳು ಅವಳು.

ಕೊನೆಗೆ ಹೊರಗಿನ ಒಬ್ಬ ಅಕೌಂಟೆಂಟ್‌ಗೆ ತಿಂಗಳು ತಿಂಗಳು ಸಂಬಳ ಕೊಟ್ಟು ಮೂರನೆಯವರನ್ನು ಸೃಷ್ಟಿಸಿದೆವು. ಅನಘಾ, ಇದು ನಿನಗೆ ಯಾವ ಪುಸ್ತಕದಲ್ಲೂ ಸಿಗುವುದಿಲ್ಲ. ದೊಡ್ಡ ಆಫೀಸಿಗೆ ಮಾಡಿದ ಅಂಗಿಯನ್ನು ಸಣ್ಣ ಆಫೀಸಿಗೆ ತೊಡಿಸುತ್ತಾರೆ. ತೋಳು ಮಡಚಿಕೊಂಡು ಹಾಕಿಕೊಳ್ಳಬೇಕು.

ಒಮ್ಮೆ ತಪಾಸಣೆಗೆಂದು ಒಬ್ಬ ಯುವಕ ಟ್ಯಾಬ್ಲೆಟ್ ಹಿಡಿದುಕೊಂಡು ಬಂದ. ಬೆಳಿಗ್ಗೆ ನಾನು ಆಫೀಸಿಗೆ ಬಂದ ಕೂಡಲೇ ಫೈಲಿನ ಕಪಾಟಿನ ಮೇಲಿದ್ದ ಗಣಪತಿಗೆ ಸಣ್ಣ ದೀಪ ಹಚ್ಚುವುದು ನನ್ನ ಅಭ್ಯಾಸ. ಹುಡುಗ ಗಣಪತಿಗೆ ಗೌರವದಿಂದ ತಲೆ ಬಾಗಿಸಿದ, ಏನು ಎತ್ತ ಎಂದು ವಿಚಾರಿಸಿದ, ತುಂಬಾ ಚೆನ್ನಾಗಿದೆ ಎಂದ. ನನಗೂ ಖುಷಿಯಾಗಿ ಎರಡು ಕೋಡುಬಳೆ ಕೊಟ್ಟೆ, ತಿಂದ. ವರದಿ ಬಂದಾಗ ನೋಡಿದರೆ, "ಗ್ರಾಹಕರ ದಾಖಲೆಗಳ ಮೇಲ್ಭಾಗದಲ್ಲಿ ತೆರೆದ ಬೆಂಕಿ, ಗಂಭೀರ ಲೋಪ" ಎಂದಿತ್ತು. ಗಣಪತಿಯನ್ನು ಕಾಫಿ ಮಾಡುವ ಕೋಣೆಗೆ ಸಾಗಿಸಿ, ಸಾಗಿಸಿದ್ದಕ್ಕೆ ಫೋಟೋ ಕಳಿಸಿದೆ. ಆ ಪೋರ್ಟಲ್‌ನಲ್ಲಿ "ಬೆಂಕಿ ನಿವಾರಿಸಲಾಗಿದೆ" ಎಂದು ಹಸಿರು ಗುರುತು ಬರಲು ಮೂರು ವಾರ ಹಿಡಿಯಿತು. ಇನ್ನೊಂದು ಬ್ಯಾಂಕು, ನಾವು ಸಾಕಷ್ಟು ಫೈಲು ಮಾಡುತ್ತಿಲ್ಲ ಎಂದು ಪಟ್ಟಿಯಿಂದ ತೆಗೆದುಹಾಕಿತು. ಪಟ್ಟಿಯಲ್ಲಿ ಇಲ್ಲದಿದ್ದರೆ ಫೈಲು ಮಾಡುವುದು ಹೇಗೆ ಎಂದು ಕೇಳಿ ಬರೆದ ಪತ್ರಕ್ಕೆ ಇವತ್ತಿಗೂ ಉತ್ತರವಿಲ್ಲ.

ಇಷ್ಟೆಲ್ಲ ನಗುತ್ತಾ ಹೇಳಬಹುದು. ನಗು ಬಾರದ ಸಂಗತಿಗೆ ಈಗ ಬರುತ್ತೇನೆ.

ನನ್ನ ಹೆಸರು ಎಂ. ಎಸ್. ವಸಂತಾ. ಎಂ ಅಂದರೆ ಮದ್ದೂರು, ಎಸ್ ಅಂದರೆ ಸುಬ್ಬರಾವ್, ನಮ್ಮ ತಂದೆ. ಮೈಸೂರಿನಲ್ಲಿ ಓದಿದವರಿಗೆ ಇದರಲ್ಲಿ ವಿಶೇಷ ಏನೂ ಇಲ್ಲ. ಹಾಜರಿ ಪುಸ್ತಕದಲ್ಲಿ ಹಾಗೇ ಇತ್ತು, ಡಿಗ್ರಿಯಲ್ಲಿ ಹಾಗೇ ಇತ್ತು, ಇಲ್ಲಿನ ವಕೀಲಿ ಲೈಸೆನ್ಸಿನಲ್ಲೂ ಹಟ ಹಿಡಿದು ಹಾಗೇ ಬರೆಸಿದೆ. ಫ್ರಾಂಕ್ ಆಗಲೇ ಹೇಳಿದ್ದ. "ವಸಂತಾ, ಈ ದೇಶಕ್ಕೆ ಒಂದು ಮುಂದಿನ ಹೆಸರು, ಒಂದು ಹಿಂದಿನ ಹೆಸರು ಬೇಕು. ಯಾವುದಾದರೂ ಒಂದನ್ನು ಆರಿಸಿ ಎಲ್ಲ ಕಡೆ ಅದನ್ನೇ ಬರಿ." ನನ್ನ ಊರನ್ನೂ ಅಪ್ಪನನ್ನೂ ಬಿಡು ಎನ್ನಲು ಇವನು ಯಾರು ಅನ್ನಿಸಿತು. ಬಿಡಲಿಲ್ಲ.

ಅತಿ ಹೆಚ್ಚು ಬ್ಯಾಂಕುಗಳು ಬಳಸುತ್ತಿದ್ದ ಒಂದು ಪೋರ್ಟಲ್‌ನಲ್ಲಿ ಮುಂದಿನ ಹೆಸರಿನ ಜಾಗದಲ್ಲಿ ಎಂ, ಎಸ್ ಎಂದು ಹಾಕಿದೆ, ಹಿಂದಿನ ಹೆಸರಿನ ಜಾಗದಲ್ಲಿ ವಸಂತಾ. ಚುಕ್ಕಿ ಹಾಕಿದರೆ ಅದು ಒಪ್ಪಲಿಲ್ಲ, ನಡುವೆ ಜಾಗ ಬಿಟ್ಟರೂ ಒಪ್ಪಲಿಲ್ಲ. ಎರಡನ್ನೂ ಕೂಡಿಸಿ ಬರೆದೆ, ತೆಗೆದುಕೊಂಡಿತು. ಇಂಗ್ಲಿಷಿನಲ್ಲಿ ಎಂ ಮತ್ತು ಎಸ್ ಕೂಡಿಸಿ ಬರೆದರೆ ಏನಾಗುತ್ತದೆ ಎಂದು ಆ ಹೊತ್ತಿಗೆ ನನಗೆ ಹೊಳೆಯಲಿಲ್ಲ. ಮಿಸ್ ಆಗುತ್ತದೆ. ನಮ್ಮಲ್ಲಿ ಶ್ರೀಮತಿ, ಕುಮಾರಿ ಅನ್ನುವ ಹಾಗೆ ಹೆಂಗಸರ ಹೆಸರಿನ ಮುಂದೆ ಹಾಕುವ ಮರ್ಯಾದೆಯ ಮಾತು. ಕಂಪ್ಯೂಟರು ನನ್ನ ಮದ್ದೂರನ್ನೂ ಸುಬ್ಬರಾಯರನ್ನೂ ಮರ್ಯಾದೆ ಎಂದು ತಿಳಿದು ಬದಿಗಿಟ್ಟಿತು. ಅಲ್ಲಿಗೆ ನಾನು ಮುಂದಿನ ಹೆಸರೇ ಇಲ್ಲದ ಬರೀ ವಸಂತಾ ಆದೆ. ಅವರಿಂದ "ಮಿಸ್ ವಸಂತಾ" ಎಂದು ಪತ್ರಗಳು ಬಂದಾಗ, ಪರವಾಗಿಲ್ಲ, ಇವರಾದರೂ ಮರ್ಯಾದೆ ಕಲಿತಿದ್ದಾರೆ ಎಂದು ಸಂತೋಷಪಟ್ಟೆ. ನನ್ನ ದಡ್ಡತನಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಎರಡು ವರ್ಷ ಆದ ಮೇಲೆ ಡೋರಿಸ್ ಅದನ್ನು ಕಂಡುಹಿಡಿದಳು. ತಿದ್ದಲು ಬರೆದೆ. "ಎಂ ಏನು?" ಎಂದು ಫೋನಿನಲ್ಲಿ ಕೇಳಿದರು. ಊರು ಎಂದೆ. "ನಿಮ್ಮ ಹೆಸರಿನಲ್ಲಿ ಊರು ಯಾಕಿದೆ?" ಎಂದರು. ಅಲ್ಲಿಂದ ಬಂದದ್ದಕ್ಕೆ ಎಂದೆ. "ನೀವು ಅಲ್ಲಿ ಹುಟ್ಟಿದ್ದಾ?" ಎಂದರು. ಇಲ್ಲ, ಮೈಸೂರಿನಲ್ಲಿ ಎಂದೆ. ಆಮೇಲೆ, ಸರ್ಕಾರಿ ದಾಖಲೆಯ ಜೊತೆ ಅರ್ಜಿ ಹಾಕಿ ಎಂದರು. ನನಗೆ ತಲೆ ಕೆಟ್ಟುಹೋಯಿತು. ಅದೇ ವಾರ ವಿಮೆಯ ನವೀಕರಣವಿತ್ತು. ಸಿಟ್ಟಿನ ಭರದಲ್ಲಿ, ತಗೊಳ್ಳಿ ಪೂರ್ತಿ ಹೆಸರು ಎಂದುಕೊಂಡು ವಿಮೆಯ ಫಾರ್ಮಿನಲ್ಲಿ ವಸಂತಾ ಮದ್ದೂರು ಸುಬ್ಬರಾವ್ ಎಂದು ಬರೆದುಬಿಟ್ಟೆ. ಪೋರ್ಟಲ್‌ಗೆ ಹಾಕಬೇಕಿದ್ದ ಅರ್ಜಿ ಮೇಜಿನ ಮೇಲೇ ಉಳಿಯಿತು. ನಾಳೆ ಹಾಕೋಣ, ನಾಡಿದ್ದು ಹಾಕೋಣ ಎಂದು ಬಿಟ್ಟೆ.

ಈಗ ಲೈಸೆನ್ಸಿನಲ್ಲಿ ಎಂ. ಎಸ್. ವಸಂತಾ, ಪೋರ್ಟಲ್‌ನಲ್ಲಿ ಮಿಸ್ ವಸಂತಾ, ವಿಮೆಯಲ್ಲಿ ವಸಂತಾ ಮದ್ದೂರು ಸುಬ್ಬರಾವ್. ಒಬ್ಬಳೇ ನಾನು, ಕಾಗದದಲ್ಲಿ ಮೂರು ಜನ. ಆ ಮೂವರಲ್ಲಿ ವಕೀಲಳಾದವಳಿಗೆ ವಿಮೆ ಇಲ್ಲ, ವಿಮೆ ಇರುವವಳು ವಕೀಲಳಲ್ಲ.

ಆ ಸಮಯದಲ್ಲಿ ನನ್ನ ಕೈಯಲ್ಲಿದ್ದ ಫೈಲು ಈರಣ್ಣ ಮತ್ತು ಶೈಲಾ ಅವರದು. ಇಬ್ಬರೂ ಬಾಗಲಕೋಟೆ ಕಡೆಯವರು, ಇಬ್ಬರೂ ಎಂಜಿನಿಯರುಗಳು. ವೆಸ್ಟ್‌ಮಂಟ್‌ನಲ್ಲಿ ಬಾಡಿಗೆ ಮನೆಯಲ್ಲಿದ್ದುಕೊಂಡು ಅರೋರಾದಲ್ಲಿ ಮನೆ ಕೊಳ್ಳುತ್ತಿದ್ದರು. ಈರಣ್ಣನ ತಾಯಿ ಗಂಗವ್ವ ಆರು ತಿಂಗಳಿಗೆಂದು ಬಂದಿದ್ದವರು ಭಾನುವಾರದ ವಿಮಾನಕ್ಕೆ ವಾಪಸು ಹೊರಟಿದ್ದರು. ಮೊಣಕಾಲು ನೋವು, ಮತ್ತೆ ಇಷ್ಟು ದೂರ ಬರುವುದು ಆಗಲಿಕ್ಕಿಲ್ಲ ಎಂದು ಅವರೇ ಹೇಳಿದ್ದರು. ಅದಕ್ಕೇ ಎಲ್ಲವನ್ನೂ ಆ ವಾರಕ್ಕೆ ಹೊಂದಿಸಿದ್ದೆವು. ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ನನ್ನ ಆಫೀಸಿನಲ್ಲಿ ಕ್ಲೋಸಿಂಗ್, ಮಧ್ಯಾಹ್ನ ರಾಹುಕಾಲಕ್ಕೆ ಮುಂಚೆ ಬೀಗದಕೈ. ಶುಕ್ರವಾರ ಬೆಳಿಗ್ಗೆ ಗೃಹಪ್ರವೇಶ, ಗಂಗವ್ವನ ಕೈಯಿಂದ ಹಾಲು ಉಕ್ಕಿಸುವುದು. ಹಾಲು ಉಕ್ಕಿಸಲು ಅವರು ಊರಿನಿಂದ ಹಿತ್ತಾಳೆ ಪಾತ್ರೆ ಸೂಟ್‌ಕೇಸಿನಲ್ಲಿ ಹೊತ್ತು ತಂದಿದ್ದರು. ಮೊದಲ ಸಲ ನನ್ನ ಆಫೀಸಿಗೆ ಬಂದಾಗ ಅದರ ವಿಷಯವೇ ಮಾತಾಡಿದರು. "ಯವ್ವಾ, ಇಲ್ಲಿ ಒಲಿ ಮ್ಯಾಲೆ ಹಾಲು ಉಕ್ಕಿದ್ರ ಗಂಟಿ ಹೊಡಕೋತೈತಂತ? ಹೊಡಕೊಳ್ಳಲಿ ಬಿಡು" ಎಂದು ಹೊಗೆಯ ಅಲಾರಂ ಬಗ್ಗೆ ಹೇಳಿದ್ದರು.

ಸೋಮವಾರ ಮಧ್ಯಾಹ್ನ ಡೋರಿಸ್ ಕರೆದು ಪೋರ್ಟಲ್ ತೋರಿಸಿದಳು. ನನ್ನ ಹೆಸರಿನ ಮುಂದಿದ್ದ ಹಸಿರು ಗುರುತು ಹೋಗಿ ಹಳದಿ ಬಂದಿತ್ತು. ವಿಮೆಯ ಹೆಸರು ಲೈಸೆನ್ಸಿಗೆ ಹೊಂದುತ್ತಿಲ್ಲ, ಪರಿಶೀಲನೆ ಮುಗಿಯುವ ತನಕ ತಡೆಹಿಡಿಯಲಾಗಿದೆ ಎಂದು ಬರೆದಿತ್ತು. ಕೂಡಲೇ ಪಾಸ್‌ಪೋರ್ಟು, ಡಿಗ್ರಿ, ಪ್ರಮಾಣಪತ್ರ ಎಲ್ಲ ಅಪ್‌ಲೋಡ್ ಮಾಡಿದೆ. ಎರಡು ದಿನದಲ್ಲಿ ಸರಿಹೋಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ.

ಮಂಗಳವಾರ ಬೆಳಿಗ್ಗೆ ಶೈಲಾ ಫೋನು ಮಾಡಿದಳು.

"ಮೇಡಂ, ಬ್ಯಾಂಕಿನಿಂದ ಒಂದು ಮೇಲ್ ಬಂದೈತ್ರಿ. ನಿಮ್ಮ ವಕೀಲರು ನಮ್ಮ ಲಿಸ್ಟ್‌ನ್ಯಾಗ ಇಲ್ಲ, ಇವತ್ತ ಸಂಜೀ ಒಳಗ ಕ್ಲೋಸಿಂಗಿಗೆ ಬ್ಯಾರೆಯವರನ್ನ ಆರಿಸಿ ತಿಳಸ್ರಿ ಅಂತ ಬರದಾರ. ನೀವ ಹೇಳಿದ್ರಲ್ಲ, ಕಡೀ ವಾರದಾಗ ಹಿಂತಾ ಮೇಲ್ ಬಂದ್ರ ನಂಬಬ್ಯಾಡ್ರಿ, ಮೊದಲ ನನಗ ಫೋನ್ ಮಾಡ್ರಿ ಅಂತ. ಅದಕ್ಕ ಮಾಡಿದೆ."

ಹೌದು, ನಾನೇ ಹೇಳಿದ್ದೆ. ಈಗಿನ ಕಾಲದಲ್ಲಿ ಇದು ನಮ್ಮ ಕೆಲಸದ ಅತಿ ದೊಡ್ಡ ಪಾಠ. ಕ್ಲೋಸಿಂಗಿನ ಹೊಸ್ತಿಲಲ್ಲಿ ಕಳ್ಳರು ಬ್ಯಾಂಕಿನ ಹೆಸರಿನಲ್ಲಿ ಮೇಲ್ ಕಳಿಸುತ್ತಾರೆ. ವಕೀಲರು ಬದಲಾಗಿದ್ದಾರೆ, ಖಾತೆ ಬದಲಾಗಿದೆ, ಇಲ್ಲಿಗೆ ಕಳಿಸಿ ಎನ್ನುತ್ತಾರೆ. ಒಂದು ಕ್ಲಿಕ್ಕಿಗೆ ಜೀವಮಾನದ ಉಳಿತಾಯ ಹೋಗುತ್ತದೆ. ಆದ್ದರಿಂದ ಪ್ರತಿ ಗ್ರಾಹಕರಿಗೂ ಮೊದಲ ದಿನವೇ ಕೂರಿಸಿ ಹೇಳುತ್ತಿದ್ದೆ, ಯಾರು ಏನೇ ಬರೆಯಲಿ, ನನ್ನ ದನಿ ಕೇಳಿ ಖಚಿತಮಾಡಿಕೊಳ್ಳುವ ತನಕ ಏನೂ ಮಾಡಬೇಡಿ ಎಂದು. ಶೈಲಾ ಹೇಳಿದಂತೆಯೇ ಮಾಡಿದ್ದಳು. ಇನ್ನು ನಾನು ಹೇಳಬೇಕಾದದ್ದು ಒಂದೇ ಮಾತು. ಆ ಮೇಲ್ ನಿಜವಾದದ್ದು, ಬೇರೆಯವರನ್ನು ಆರಿಸಿಕೊಳ್ಳಿ.

ನನ್ನ ಬಾಯಿಂದ ಆ ಮಾತು ಬರಲಿಲ್ಲ. ಪಟ್ಟಿಯಿಂದ ಬಿದ್ದೆ ಎಂದು ನಮ್ಮ ನಾಡಿನ ಹುಡುಗಿಗೆ ಹೇಳುವುದಕ್ಕೆ ನಾಚಿಕೆಯಾಯಿತು. ನಮ್ಮವರಲ್ಲಿ ಒಬ್ಬರಿಗೆ ಹೇಳಿದರೆ ಭಾನುವಾರದೊಳಗೆ ಬಾಲಾಜಿ ದೇವಸ್ಥಾನದ ಪ್ರಸಾದದ ಸಾಲಿನಲ್ಲಿ ಎಲ್ಲರಿಗೂ ಗೊತ್ತಾಗುತ್ತದೆ ಎನ್ನುವುದೂ ತಲೆಯಲ್ಲಿತ್ತು.

"ನೀವು ಯೋಚ್ನೆ ಮಾಡ್ಬೇಡಿ ಶೈಲಾ. ಅದನ್ನ ನಾನು ನೋಡ್ಕೋತೀನಿ" ಎಂದೆ.

"ಹಂಗಾದ್ರ ಡಿಲೀಟ್ ಮಾಡ್ಲೇನ್ರಿ?"

"ನಾನು ನೋಡ್ಕೋತೀನಿ ಅಂದ್ನಲ್ಲ" ಎಂದೆ. ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. ವಕೀಲಿಕೆಯ ಬುದ್ಧಿಯನ್ನೆಲ್ಲ ಆ ಒಂದು ಉತ್ತರಕ್ಕೆ ಸುರಿದೆ. ಅವಳು ಡಿಲೀಟ್ ಮಾಡಿದಳು.

ಬುಧವಾರ ಇಡೀ ದಿನ ಫೋನಿನಲ್ಲೇ ಕಳೆದೆ. ಪೋರ್ಟಲ್‌ನ ಕಂಪನಿ ಬ್ಯಾಂಕನ್ನು ಕೇಳಿ ಎಂದಿತು, ಬ್ಯಾಂಕು ಕಂಪನಿಯನ್ನು ಕೇಳಿ ಎಂದಿತು. ವಿಮೆಯವರು ಹೆಸರು ತಿದ್ದಿದ ಸರ್ಟಿಫಿಕೇಟನ್ನು ಒಂದೇ ಗಂಟೆಯಲ್ಲಿ ಕಳಿಸಿದರು, ಪುಣ್ಯಾತ್ಮರು. ಅದನ್ನು ಹಾಕಿದೆ. ತಿದ್ದಿದ ದಾಖಲೆ ಹೊಸ ದಾಖಲೆ ಎಂದಾಗುತ್ತದೆ, ಹೊಸ ದಾಖಲೆಗೆ ಪರಿಶೀಲನೆ ಮತ್ತೆ ಮೊದಲಿನಿಂದ ಎಂಬ ಉತ್ತರ ಬಂತು. ನನ್ನ ಜೊತೆ ಮಾತಾಡಿದ ಹುಡುಗಿ ಬಹಳ ವಿನಯದಿಂದ, "ನಿಮ್ಮ ಮುಂದಿನ ಹೆಸರು ಇನ್ನೂ ಖಾಲಿ ಇದೆ, ಮಿಸ್ ವಸಂತಾ" ಎಂದಳು. ನಾನು ಫೋನು ಇಟ್ಟು ಕಾಫಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ಡೋರಿಸ್ ಹೊರಗಿನಿಂದಲೇ, "ಅವರಿಗೆ ಹೇಳು ವಸಂತಾ. ಈಗಲೇ ಹೇಳು" ಎಂದಳು. ನಾಳೆ ಬೆಳಿಗ್ಗೆ ತನಕ ನೋಡೋಣ ಎಂದೆ.

ಗುರುವಾರ ಬೆಳಿಗ್ಗೆ ಒಂಬತ್ತಕ್ಕೂ ಹಳದಿಯೇ ಇತ್ತು. ಬ್ಯಾಂಕು ಕಾಗದ ಕಳಿಸಲಿಲ್ಲ, ದುಡ್ಡೂ ಕಳಿಸಲಿಲ್ಲ. ಹತ್ತೂವರೆಗೆ ಈರಣ್ಣ ಮತ್ತು ಶೈಲಾ ಬಂದರು. ಅವಳು ಇಳಕಲ್ ಸೀರೆ ಉಟ್ಟಿದ್ದಳು, ಅವನು ಪೇಡೆ ತಂದಿದ್ದ. ಅವರನ್ನು ಕೂರಿಸಿ ಎಲ್ಲವನ್ನೂ ಹೇಳಿದೆ. ಮಂಗಳವಾರದ ಮೇಲ್ ನಿಜವಾದದ್ದಾಗಿತ್ತು ಎಂಬುದನ್ನೂ ಹೇಳಿದೆ.

ಈರಣ್ಣ ಪೇಡೆಯ ಡಬ್ಬಿಯನ್ನು ತೊಡೆಯ ಮೇಲೇ ಇಟ್ಟುಕೊಂಡು ಕೂತಿದ್ದ. "ಬ್ಯಾಂಕಿನವರು ಖರೇ ಹೇಳಿದ್ರು ಅಂದಂಗಾತು" ಎಂದ.

"ಹೌದು."

"ನಾವು ನಿಮ್ಮನ್ನ ಕೇಳಿದ್ವಲ್ರೀ ಮೇಡಂ" ಎಂದಳು ಶೈಲಾ. ಅವಳು ದನಿ ಏರಿಸಲಿಲ್ಲ. ಏರಿಸಿದ್ದರೆ ನನಗೆ ಸ್ವಲ್ಪ ಸುಲಭವಾಗುತ್ತಿತ್ತು.

ಅವರ ಎದುರಿಗೇ ಇನ್ನೊಂದು ಟೈಟಲ್ ಆಫೀಸಿಗೆ ಫೋನು ಮಾಡಿದೆ. ಆ ಬ್ಯಾಂಕಿನ ಪಟ್ಟಿಯಲ್ಲಿ ಗಟ್ಟಿಯಾಗಿ ಕೂತಿದ್ದ ದೊಡ್ಡ ಆಫೀಸು ಅದು. ಅಲ್ಲಿನ ಮೇಲ್ವಿಚಾರಕಿ ನನಗೆ ಹಳೆಯ ಪರಿಚಯ, ಸ್ಪೀಕರಿನಲ್ಲಿ ಮಾತಾಡಿದಳು. ಟೈಟಲ್ ಪರಿಶೀಲನೆಯ ಕಾಗದ ತಮ್ಮ ಆಫೀಸಿನ ಹೆಸರಿಗೆ ಬದಲಾಗಬೇಕು, ಬ್ಯಾಂಕು ಎಲ್ಲವನ್ನೂ ಹೊಸದಾಗಿ ತಯಾರಿಸಬೇಕು, ಬೇಗ ಎಂದರೂ ಮುಂದಿನ ಮಂಗಳವಾರ ಆಗುತ್ತದೆ ಎಂದಳು. ನಾಳೆ ಹೇಗಾದರೂ ಆಗುವುದಿಲ್ಲವೇ ಎಂದು ಬೇಡಿಕೊಂಡೆ. "ನೀನು ಎರಡು ದಿನ ಮೊದಲು ಹೇಳಿದ್ದರೆ ಶುಕ್ರವಾರ ಬೆಳಿಗ್ಗೆ ಮಾಡಿಕೊಡುತ್ತಿದ್ದೆ" ಎಂದಳು. ಮೂವರೂ ಕೇಳಿಸಿಕೊಂಡೆವು.

ಮನೆ ಮಾರುತ್ತಿದ್ದವರು ಡೆಟ್ರಾಯಿಟ್ ಕಡೆ ಹೊಸ ಕೆಲಸಕ್ಕೆ ಹೊರಟಿದ್ದರು, ಸಾಮಾನಿನ ಲಾರಿ ಆಗಲೇ ಹೋಗಿತ್ತು. ಅವರ ವಕೀಲ ನನಗೆ ಫೋನಿನಲ್ಲಿ ಅಂದದ್ದನ್ನು ಇಲ್ಲಿ ಬರೆಯುವುದಿಲ್ಲ, ಅಷ್ಟೂ ನನಗೆ ಸಲ್ಲಬೇಕಾದದ್ದೇ. ಕೊನೆಗೆ ಮಂಗಳವಾರದ ತನಕ ಕಾಯಲು ಒಪ್ಪಿದರು. ಬ್ಯಾಂಕು ಬಡ್ಡಿ ದರದ ಗಡುವನ್ನು ಮುಂದಕ್ಕೆ ಹಾಕಿತು. ಮನೆ ಕೈತಪ್ಪಲಿಲ್ಲ. ಗಂಗವ್ವನ ಟಿಕೆಟ್ಟನ್ನು ಮುಂದಕ್ಕೆ ಹಾಕಲು ಈರಣ್ಣ ಎಲ್ಲ ಪ್ರಯತ್ನ ಮಾಡಿದ. ಆದರೆ ಅವರನ್ನು ದಾರಿಯುದ್ದಕ್ಕೂ ನೋಡಿಕೊಳ್ಳಲು ಒಪ್ಪಿದ್ದ ಪರಿಚಯದ ಕುಟುಂಬ ಅದೇ ಭಾನುವಾರದ ವಿಮಾನಕ್ಕೆ ಹೊರಟಿತ್ತು. ಒಬ್ಬರೇ ಹೋಗುವ ಧೈರ್ಯ ಅವರಿಗಿರಲಿಲ್ಲ.

ಶನಿವಾರ ಶೈಲಾ ಫೋನು ಮಾಡಿ, ಅತ್ತೆಗೆ ಮನೆಯನ್ನಾದರೂ ತೋರಿಸಿ ಕಳಿಸಬೇಕು, ಮನೆ ಕೊಡಿಸುವ ಏಜೆಂಟ್ ಬಂದು ಬಾಗಿಲು ತೆಗೆಯುತ್ತಾರಂತೆ, ಕಾನೂನಿಗೆ ತೊಂದರೆ ಇದೆಯೇ ಎಂದು ಕೇಳಿದಳು. ಅಷ್ಟಾದ ಮೇಲೂ ಕೇಳಿಯೇ ಮುಂದುವರಿಯುವ ಹುಡುಗಿ. ಕೊಳ್ಳುವವರು ಕ್ಲೋಸಿಂಗಿಗೆ ಮುಂಚೆ ಏಜೆಂಟ್ ಜೊತೆ ಒಮ್ಮೆ ಮನೆ ಸುತ್ತಿ ನೋಡುವುದಕ್ಕೆ ಅಡ್ಡಿಯಿಲ್ಲ, ಒಲೆ ಹಚ್ಚುವುದು ಮಾತ್ರ ಬೇಡ ಎಂದೆ. ಆಮೇಲೆ ಯಾರೂ ಕರೆಯದಿದ್ದರೂ ನಾನೂ ಡ್ರೈವ್ ಮಾಡಿಕೊಂಡು ಅರೋರಾಕ್ಕೆ ಹೋದೆ.

ಗಂಗವ್ವ ಕಾರಿನಿಂದ ಇಳಿದು ಡ್ರೈವ್‌ವೇ ಮೇಲೆ ನಿಂತಿದ್ದರು. ಸ್ವೆಟರ್ ಮೇಲೆ ಹೊಸ ಸೀರೆಯ ಸೆರಗು ಹೊದ್ದಿದ್ದರು. ನನ್ನನ್ನು ಕಂಡು ಅವರೇ ಹತ್ತಿರ ಬಂದು ಕೈ ಹಿಡಿದುಕೊಂಡರು.

"ಯವ್ವಾ, ಯಾಕ ಇಷ್ಟು ಸೊರಗೀದಿ? ಮಷೀನಿಗೆ ನಿನ್ನ ಹೆಸರು ಓದಾಕ ಬರಲಿಲ್ಲಂತ, ಶೈಲಾ ಹೇಳಿದ್ಲು. ಮಷೀನ್ ತಪ್ಪಿಗೆ ನೀ ಯಾಕ ಕೊರಗ್ತಿ? ಬಿಡು."

ನಾನು ಶೈಲಾಳ ಕಡೆ ನೋಡಿದೆ. ಅವಳು ಹುಲ್ಲಿನ ಕಡೆ ನೋಡುತ್ತಿದ್ದಳು. ಅತ್ತೆಯ ಮುಂದೆ ಅವಳು ನನ್ನ ಮಾನ ಕಾಪಾಡಿದ್ದಳು. ನಾನು ಸುಮ್ಮನಿದ್ದುಬಿಟ್ಟಿದ್ದರೆ ಅದು ಅಲ್ಲಿಗೇ ಮುಗಿಯುತ್ತಿತ್ತು.

"ಮಷೀನ್ ತಪ್ಪಲ್ಲಮ್ಮ" ಎಂದೆ. "ಅದು ಮಂಗಳವಾರನೇ ಹೇಳಿತ್ತು. ಇವರು ಬಂದು ನನ್ನನ್ನ ಕೇಳಿದ್ರು. ನಾನು ಹೇಳ್ಲಿಲ್ಲ. ಹೇಳಿದ್ರೆ ನೀವು ನಿನ್ನೆ ಹಾಲು ಉಕ್ಕಿಸ್ತಿದ್ರಿ."

ಗಂಗವ್ವ ನನ್ನ ಕೈ ಬಿಡಲಿಲ್ಲ. ಮಗನನ್ನು ನೋಡಿದರು, ಸೊಸೆಯನ್ನು ನೋಡಿದರು. ಅಷ್ಟರಲ್ಲಿ ಏಜೆಂಟ್ ಬಾಗಿಲು ತೆಗೆದು ಬನ್ನಿ ಎಂದು ಕರೆದಳು. ಆಗ ಮೆಲ್ಲಗೆ ಕೈ ಬಿಡಿಸಿಕೊಂಡರು. ಈರಣ್ಣ ತೋಳು ಹಿಡಿದು ಮೆಟ್ಟಿಲು ಹತ್ತಿಸಿದ.

ಹೊಸ್ತಿಲಿನ ಮುಂದೆ ಅವರು ಬಲಗಾಲು ಎತ್ತಿದರು. ಎತ್ತಿದ್ದನ್ನು ಹಾಗೇ ಹಿಡಿದು, ಒಂದು ಕ್ಷಣ ಯೋಚಿಸಿ, ಹೊರಗೇ ಇಳಿಸಿದರು.

"ಇನ್ನೂ ಮಂದಿ ಮನಿ ಐತಿ" ಎಂದರು ಮಗನಿಗೆ. "ಬಲಗಾಲು ಮಂಗಳವಾರ ನೀವ ಇಬ್ಬರು ಇಡ್ರಿ."

ಎಡಗಾಲಿಟ್ಟು ಒಳಗೆ ಹೋದರು. ನಾನು ಡ್ರೈವ್‌ವೇ ಮೇಲೆಯೇ ನಿಂತಿದ್ದೆ.